ಓಗೊಡುವವಳು

ಗಾಜಿನ ಮೇಲೆ ಗುಂಡನೆಯ ಜಿಡ್ಡಿನ ಗುರುತು, ಯಾವುದೋ ಮಗು ಮೂಗೊತ್ತಿ ಕೂತು ಹೋಗಿದೆ, ಕೆಳಗೆ ಬಾಯಿಯ ಹಬೆ ಒಣಗಿದ ಕಲೆ, ಒರೆಸೋಣವೆಂದು ತೋಳು ಎತ್ತಿದೆ, ಬೇಡ ಬಿಡು, ರೈಲು ಕಾನಲಿ ಸ್ಟೇಷನ್ ಬಿಟ್ಟು ಊರಿನ ತಲೆಯ ಮೇಲಿನ ಸೇತುವೆಗಳಲ್ಲಿ ನಿಧಾನಕ್ಕೆ ಹೋಗುತ್ತಿದೆ, ಕೆಳಗೆ ಬಸ್ಸುಗಳು, ಕೊಡೆಗಳು, ಕಿವಿಯೊಳಗೆ ಮಾತ್ರ ಗುಂಯ್ ಎನ್ನುವ ಆ ಪಂಪಿನ ಸದ್ದು, ಸಮುದ್ರದಾಚೆಯ ಕೊಳವೊಂದರ ನೀರು ಸೋಸುವ ಪಂಪು, ಹೆಡ್‌ಫೋನ್ ತೆಗೆದಿಟ್ಟರೂ ನಿಲ್ಲುವುದಿಲ್ಲ, ಮಲಗಿದಾಗಲೂ ಇರುತ್ತದೆ, ಅದಕ್ಕೆ ಟಿನಿಟಸ್ ಅಂತಾರೆ ಕಣೇ, ಇಎನ್‌ಟಿ ಹತ್ರ ತೋರ್ಸು, ಅಂತಾನೆ ಮಯೂರ್, ಡಾಕ್ಟರನ್ನು ಮದುವೆಯಾದರೆ ಇಷ್ಟೇ, ಎದೆಯ ಭಾರಕ್ಕೂ ಒಂದು ಹೆಸರಿಟ್ಟು ಕೈತೊಳೆದುಕೊಳ್ಳುತ್ತಾರೆ — ಫೋನು ಬಲಗೈಯಲ್ಲಿ, ತೆರೆಯ ಮೇಲರ್ಧದಲ್ಲಿ ಕೊಳ, ಕೆಳಗೆ ಹಸಿರು ಗುಂಡಿ, ಗುಂಡಿಗೆ ತಾಗಿಯೂ ತಾಗದ ಹಾಗೆ ನನ್ನ ಹೆಬ್ಬೆರಳು, ಕೊಳದ ಮೂಲೆಯಲ್ಲಿ ಲೂಲಾ, ನೀರೊಳಗಿನ ಸ್ಪೀಕರಿಗೆ ಮೂತಿ ಒತ್ತಿ ನಿಂತಿದೆ, ನಿಂತಿದೆ ಎಂದೇ ರಿಪೋರ್ಟಿನಲ್ಲಿ ಬರೆಯುತ್ತೇನೆ, ಒಳಗೆ ಮಾತ್ರ ನಿಂತಿದ್ದಾಳೆ, ಮೂಲೆಗೆ ಮುಖ ಹಾಕಿ, ಬಾಲ ಕೆಳಗೆ ಇಳಿಬಿಟ್ಟುಕೊಂಡು, ಬೂದು ಬಣ್ಣದ ಡಾಲ್ಫಿನ್ ಹುಡುಗಿ, ಅಮ್ಮ ಬರುತ್ತಾಳೆಂದು. ಕ್ಲೊನ್ಸಿಲ್ಲಾ ಹತ್ತಿರ ಬಂದಿದ್ದು ಡೆಕ್ಲನ್ ಫೋನು, ನಮ್ಮ ಮೇನೂತ್ ಆಫೀಸಿನ ಯಜಮಾನ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವವನು, ಸಿಂಧು, ನಾಳೆ ಅಲ್ಲ, ಇವತ್ತೇ, ನಾಳೆ ಅಲ್ಲಿ ಜೋರು ಗಾಳಿಯಂತೆ, ಕ್ರೇನ್ ಎತ್ತೋಕೆ ಬಿಡಲ್ಲವಂತೆ, ವಿಮಾನದವರೂ ಒಪ್ಪಿದ್ದಾರೆ, ನೀನು ಫೋನಿನಿಂದಲೇ ಮಾಡಬಹುದಲ್ಲ, ನಾನು ರೈಲಿನಲ್ಲಿದ್ದೀನಿ ಡೆಕ್ಲನ್, ಮಗಳನ್ನ ಕ್ರೆಶ್‌ನಿಂದ ಕರ್ಕೊಂಡು ಬರಬೇಕು, ಅದು ಮುಚ್ಚಿಬಿಡುತ್ತೆ, ಮಯೂರ್ ಆನ್‌ಕಾಲ್ ಇದ್ದಾನೆ, ಓ ರೈಲಲ್ಲೂ ಸಿಗ್ನಲ್ ಇರುತ್ತಲ್ಲ, ಗ್ರ್ಯಾಂಡ್, ಎಂದ, ಈ ಐರಿಶರ ದೇಶದಲ್ಲಿ ಆ ಒಂದು ಪದ ಬಿದ್ದರೆ ಮಾತು ಮುಗಿಯಿತು, ಚಹಾ ಗ್ರ್ಯಾಂಡ್, ಮಳೆ ಗ್ರ್ಯಾಂಡ್, ಆಪರೇಷನ್ ಆಗಿ ಮಲಗಿದವನೂ ಗ್ರ್ಯಾಂಡ್, ನಾನು ಹೂಂ ಎಂದೆನೋ ಇಲ್ಲವೋ, ಗ್ರ್ಯಾಂಡ್ ಎಂದ ಮೇಲೆ ಹೂಂ ಎಂದ ಹಾಗೇ ಲೆಕ್ಕ.

ಮಾಡಬೇಕಾದದ್ದು ಇಷ್ಟೇ, ಸ್ಪೀಕರನ್ನು ದೊಡ್ಡ ಕೊಳದಿಂದ ತೆಗೆದು ಆ ಕೊನೆಯ ಇಕ್ಕಟ್ಟಿನ ಕೊಳದಲ್ಲಿ ಇಳಿಬಿಡುತ್ತಾರೆ, ಲೂಲಾ ಕರೆಯುತ್ತಾಳೆ, ನಾನು ಗುಂಡಿ ಒತ್ತುತ್ತೇನೆ, ಅವಳ ಅಮ್ಮ ಮಾರೀನಾಳ ರೆಕಾರ್ಡಾದ ಸಿಳ್ಳೆ ಆ ಕಡೆಯಿಂದ ಕೇಳುತ್ತದೆ, ಲೂಲಾ ನಡುವಿನ ಗೇಟು ದಾಟಿ ಬರುತ್ತಾಳೆ, ಗೇಟು ಬೀಳುತ್ತದೆ, ಆಮೇಲೆ ನೀರು ಇಳಿಸುವುದು, ಜೋಳಿಗೆಯಂಥ ಬಟ್ಟೆಯಲ್ಲಿ ಎತ್ತುವುದು, ಪೆಟ್ಟಿಗೆ, ವಿಮಾನ, ಮರಳುಗಾಡಿನ ಯಾವುದೋ ಊರು, ಅಲ್ಲಿ ಅಂಗಡಿಗಳ ಮಾಲ್‌ನೊಳಗೆ, ಸೂರಿನ ಕೆಳಗೆ, ಬಣ್ಣದ ದೀಪಗಳ ಕೊಳ, ಚೆಂಡು, ತೂರಿ ಹಾರುವ ಬಳೆ, ಜನರ ಚಪ್ಪಾಳೆ. ಅಮ್ಮನ ದನಿ ಹಾಕಿ ಹಿಡಿಯುವುದು. ಹೀಗೆ ಒಂದೇ ವಾಕ್ಯದಲ್ಲಿ ಹೇಳಿದರೆ ಡೆಕ್ಲನ್‌ಗೆ ಬೇಸರವಾಗುತ್ತದೆ, ಅದಕ್ಕೆ ಅವನ ಹತ್ತಿರ ಬೇರೆ ಮಾತಿದೆ, ಒತ್ತಡವಿಲ್ಲದ ಸ್ಥಳಾಂತರ, ಹಾವೂ ಸಾಯಬಾರದು ಕೋಲೂ ಮುರಿಯಬಾರದು. ಮತ್ತೆ ಅವನು ಕೆಟ್ಟವನೂ ಅಲ್ಲ, ಅದೇ ಕಷ್ಟ, ಕೆಟ್ಟವನಾಗಿದ್ದರೆ ಬೈದು ಮನೆಗೆ ಹೋಗಬಹುದಿತ್ತು, ಅವನ ಅಪ್ಪ ದನ ಸಾಕಿದವನು, ಇವನು ಕೊಟ್ಟಿಗೆಯಲ್ಲಿ ಮೈಕು ಇಟ್ಟು ಕರುಗಳ ಕೆಮ್ಮು ಕೇಳುವ ಕಂಪನಿ ಕಟ್ಟಿದ, ಚಳಿಗಾಲದಲ್ಲಿ ಯಾವ ಕರುವಿಗೆ ಎದೆ ಕಟ್ಟಿದೆ ಎಂದು ರೈತನಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ, ನಾನು ಇಲ್ಲಿಗೆ ಓದಲು ಬಂದು ಸೇರಿದ್ದೂ ಆ ಕೆಲಸಕ್ಕೇ, ಬೆಂಗಳೂರಿನಿಂದ ಇಷ್ಟು ದೂರ ಹೋಗಿ ದನದ ಕೆಮ್ಮು ಕೇಳ್ತೀಯಾ, ನಮ್ಮ ಊರಿನ ದನ ಏನು ಕೆಮ್ಮಲ್ವಾ, ಎಂದು ದೊಡ್ಡಪ್ಪ ನಕ್ಕಿದ್ದರು, ಈಗ ಹೇಳಬೇಕು ಅವರಿಗೆ, ದೊಡ್ಡಪ್ಪ, ದನ ಬಿಟ್ಟೆ, ಈಗ ಡಾಲ್ಫಿನ್ ಹತ್ರ ಅದರ ಅಮ್ಮನ ಹಾಗೆ ಮಾತಾಡ್ತೀನಿ, ಸಂಬಳ ಕೊಡ್ತಾರೆ.

ಟಾರಾ ಸ್ಟ್ರೀಟ್, ಬಾಗಿಲು ತೆರೆಯಿತು, ತಣ್ಣನೆ ಗಾಳಿ, ಒದ್ದೆ ಉಣ್ಣೆಯ ವಾಸನೆ, ಎದುರಿಗೆ ಬಂದು ಕೂತ ಅಜ್ಜಿಯ ಕೈಯಲ್ಲಿ ಪುಟ್ಟ ನಾಯಿ, ನಾಯಿ ನನ್ನನ್ನೇ ನೋಡುತ್ತಿದೆ, ಅದಕ್ಕೆ ಹೆಡ್‌ಫೋನಿನ ಸದ್ದು ಕೇಳುತ್ತದೇನೋ, ಬಾಗಿಲು ಮುಚ್ಚಿತು. ಲೂಲಾ ಇರುವ ಆ ಡಾಲ್ಫಿನ್ ಪಾರ್ಕು ಮುಚ್ಚಿ ಕಾಲವಾಯಿತು, ಇಲ್ಲಿನವರು ಚಳಿಗಾಲದಲ್ಲಿ ಹೋಗಿ ಮೈ ಕೆಂಪು ಮಾಡಿಕೊಂಡು ಬರುತ್ತಾರಲ್ಲ ಅಂಥದೊಂದು ಬಿಸಿಲಿನ ಊರು, ಖಾಲಿ ಗ್ಯಾಲರಿ, ಬಿರಿದ ನೀಲಿ ಬಣ್ಣ, ಟಿಕೆಟ್ ಕೊಡುವ ಗೂಡಿನಲ್ಲಿ ಬೆಕ್ಕು ಮರಿ ಹಾಕಿತ್ತು, ನಾನು ಮೈಕು ಇಳಿಸಲು ಹೋದಾಗ ಕಂಡದ್ದು, ಮತ್ತೆ ಗೋಡೆಯಾಚೆ ರಸ್ತೆ, ರಸ್ತೆಯಾಚೆ ಕಡಲು, ಒಂದು ರಸ್ತೆ ಅಷ್ಟೇ, ಲೂಲಾ ಹುಟ್ಟಿದ್ದು ಕೊಳದಲ್ಲಿ, ಬೆಳೆದದ್ದು ಕೊಳದಲ್ಲಿ, ರಾತ್ರಿ ಅಲೆಯ ಸದ್ದು ಗೋಡೆ ಹತ್ತಿ ಬರುತ್ತಿತ್ತು, ಅದು ಏನೆಂದು ಅವಳಿಗೆ ಯಾರು ಹೇಳಬೇಕು, ಅಮ್ಮ ಹೇಳಿರಬಹುದು, ಮಾರೀನಾ ಕಡಲಿನಲ್ಲೇ ಹುಟ್ಟಿದವಳು, ಬಲೆಯಲ್ಲಿ ಹಿಡಿದು ತಂದದ್ದು. ಬಲೆಯಲ್ಲೇ ಹೋದಳು. ಅವಳನ್ನು ಮೊದಲು ಸಾಗಿಸೋಣವೆಂದು ಮುಳುಗುಗಾರರು ಬಲೆ ಹಿಡಿದು ಇಳಿದರಂತೆ, ಹೆದರಿ ಗೋಡೆಗೆ ಬಡಿದುಕೊಂಡಳಂತೆ, ಬಲೆಯೊಳಗೆ ಸುತ್ತಿಕೊಂಡು ಮೇಲೆ ಬಂದು ಉಸಿರು ತೆಗೆದುಕೊಳ್ಳಲು ಆಗಲಿಲ್ಲವಂತೆ, ಇದೆಲ್ಲ ಇನೆಸ್ ಹೇಳಿದ್ದು, ಪಾರ್ಕು ಮುಚ್ಚಿದರೂ ಬಿಟ್ಟು ಹೋಗದ ಟ್ರೇನರ್ ಹುಡುಗಿ, ಮೀನಿನ ಬಕೆಟ್ಟಿನ ಮೇಲೆ ಕೂತು, ನನ್ನ ಮುಖ ನೋಡದೆ, ನೀರು ನೋಡುತ್ತ ಹೇಳಿದಳು, ಲೂಲಾ ಪಕ್ಕದ ಕೊಳದಲ್ಲಿದ್ದಳು, ಗೇಟಿನ ಸಂದಿಯಿಂದ ಎಲ್ಲ ನೋಡಿದಳು. ಆಮೇಲೆ ಮೀನು ಮುಟ್ಟಲಿಲ್ಲ, ಮೀನು ತಿನ್ನದಿದ್ದರೆ ಡಾಲ್ಫಿನ್‌ಗೆ ನೀರೂ ಇಲ್ಲ, ಕುಡಿಯುವ ನೀರೆಲ್ಲ ಮೀನಿನ ಮೈಯಿಂದಲೇ ಸಿಗಬೇಕು, ಕೊಳದ ತುಂಬ ನೀರಿಟ್ಟುಕೊಂಡು ಬಾಯಾರಿ ಸಾಯುವುದು, ಅದಕ್ಕೇ ಪಾರ್ಕಿನವರು ನಮ್ಮ ಕಂಪನಿಯನ್ನು ಕರೆಸಿದ್ದು.

ಸಿಳ್ಳೆ ಎರಡಿದ್ದವು, ಅದನ್ನು ಕಂಡುಹಿಡಿದವಳು ನಾನೇ, ಆಗ ಎಷ್ಟು ಬೀಗಿದ್ದೆ, ಪ್ರತಿ ಡಾಲ್ಫಿನ್‌ಗೂ ತನ್ನದೇ ಒಂದು ಸಿಳ್ಳೆ, ಹೆಸರಿದ್ದ ಹಾಗೆ, ನಾನಿಲ್ಲಿದ್ದೀನಿ ಎನ್ನುವುದಕ್ಕೆ ತನ್ನದು, ನೀನೆಲ್ಲಿ ಎನ್ನುವುದಕ್ಕೆ ಎದುರಿನವರದು, ಲೂಲಾ ತನ್ನದನ್ನು ಹಾಕುತ್ತಾಳೆ, ಏರಿ ಏರಿ ಕೊನೆಗೆ ಒಂದು ಕುಪ್ಪಳಿಕೆ, ಆಮೇಲೆ ಇನ್ನೊಂದು, ಇಳಿದು ಇಳಿದು ಮತ್ತೆ ಎದ್ದು ನಿಲ್ಲುವುದು, ಹಳೆಯ ರೆಕಾರ್ಡಿಂಗ್ ತೆಗೆದು ನೋಡಿದರೆ ಅದು ಮಾರೀನಾಳದು, ಸತ್ತ ಅಮ್ಮನ ಹೆಸರು ಹಿಡಿದು ಕರೆಯುತ್ತಿದ್ದಾಳೆ, ಕರೆದು ಸುಮ್ಮನಾಗುತ್ತಾಳೆ, ಉತ್ತರಕ್ಕೆ ಜಾಗ ಬಿಟ್ಟು, ಪಂಪಿನ ಗುಂಯ್ ಅಷ್ಟೇ, ಮತ್ತೆ ಕರೆಯುತ್ತಾಳೆ. ಅದೇ ವಾರ ಅಡುಗೆಮನೆಯಲ್ಲಿ ಮಯೂರ್ ಅದಿತಿಗೆ ಮೊಸರನ್ನ ತಿನ್ನಿಸುತ್ತಿದ್ದ, ನಾನು ಆ ಬಿಸಿಲಿನ ಊರಿಗೆ ಹೋದಾಗ ಮಗು ಊಟ ಬಿಟ್ಟಿತ್ತೆಂದು ಫೋನಿನಲ್ಲಿ ನನ್ನ ದನಿ ಕಳಿಸಿದ್ದೆ, ಆ ಮಾಡು ಬಂಗಾರಿ, ಇದು ಕಾಕಂಗೆ, ಇದು ಗುಬ್ಬಿಗೆ, ಇದು ನನ್ನ ಪುಟ್ಟಿಗೆ, ಅದನ್ನು ಹಾಕಿದರೆ ಗಬಗಬ ತಿನ್ನುತ್ತಿದ್ದಳಂತೆ, ನಾನು ಮನೆಗೆ ಬಂದ ಮೇಲೂ ಬಿಡಲಿಲ್ಲ, ನಾನು ಎದುರಿಗೆ ತುತ್ತು ಹಿಡಿದು ಕೂತರೆ ಮುಖ ತಿರುಗಿಸಿ ನಾಟ್ ಯೂ, ಫೋನ್ ಅಮ್ಮಾ, ಅನ್ನುತ್ತಾಳೆ, ಇಲ್ಲಿನ ಮಕ್ಕಳ ಹಾಗೇ ರಾಗ ಎಳೆದು, ನಿನ್ನ ಕಾಂಪಿಟಿಷನ್ ನೀನೇ ಕಣೇ, ಎಂದು ಮಯೂರ್ ನಕ್ಕ, ನಾನೂ ನಕ್ಕೆ, ಅನ್ನದ ಬಟ್ಟಲು ಕೈಯಲ್ಲೇ ಇತ್ತು, ನಗುವಾಗಲೇ ರಾಜಮ್ಮಜ್ಜಿಯ ಗೌರಿ ನೆನಪಾದಳು. ಶ್ರೀನಿವಾಸಪುರದ ಮನೆಯ ಹಿತ್ತಲು, ಗೌರಿಯ ಕರು ಸತ್ತಿತು, ಹಸು ಹಾಲು ಕೊಡದೆ ಕೆಚ್ಚಲು ಕಟ್ಟಿ ಒದ್ದಾಡಿತು, ಕರುವಿನ ತೊಗಲಿಗೆ ಹುಲ್ಲು ತುಂಬಿಸಿ ಹೊಲಿಸಿ ಅಜ್ಜಿ ಅದನ್ನು ಕಂಬಕ್ಕೆ ಕಟ್ಟಿದರು, ಬೆನ್ನಿಗೆ ಉಪ್ಪು ನೀರು ಸವರಿದರು, ಗೌರಿ ಮೂಸಿತು, ನೆಕ್ಕಿತು, ನೆಕ್ಕುತ್ತಲೇ ಹಾಲಿಳಿಸಿತು, ಮೋಸ ಅಲ್ವಾ ಅಜ್ಜಿ, ಅಂದೆ, ಲೋಟ ಹಿಡಿದು ನೊರೆಹಾಲಿಗೆ ಕಾಯುತ್ತ ನಿಂತವಳು, ಏನ್ ಮೋಸ ಕಣೇ, ಅದ್ಕೆ ನೆಕ್ಕೋಕೊಂದು ಬೇಕು, ನೆಕ್ತದೆ, ಎದೆ ಹಗುರ ಆಗ್ತದೆ, ಎಂದರು. ಅದನ್ನೇ ನಾನು ಮೀಟಿಂಗಿನಲ್ಲಿ ಹೇಳಿದೆ, ಲೂಲಾಗೂ ಅಮ್ಮನ ಹಳೆಯ ಸಿಳ್ಳೆ ಹಾಕೋಣವೆಂದು, ಹುಲ್ಲು ತುಂಬಿದ ಕರು ಎಂದರೆ ಏನೆಂದು ಅವರಿಗೆ ಅರ್ಥ ಮಾಡಿಸುವುದರಲ್ಲಿ ಸಾಕಾಯಿತು, ಡೆಕ್ಲನ್ ಕುರ್ಚಿಯಿಂದ ಎದ್ದೇ ಬಿಟ್ಟ, ಬ್ರಿಲಿಯಂಟ್, ಎಂದ.

ತಿಂದಳು, ಮೊದಲ ದಿನವೇ, ನಾನು ಗುಂಡಿ ಒತ್ತಿದೆ, ಮಾರೀನಾ ಸಿಳ್ಳೆ ಹಾಕಿದಳು, ಕೊಳದಲ್ಲಿ ಸುತ್ತುತ್ತಿದ್ದ ಲೂಲಾ ನಿಂತುಬಿಟ್ಟಳು, ಬಾಣದ ಹಾಗೆ ಬಂದು ಸ್ಪೀಕರಿಗೆ ಮೂತಿ ಒತ್ತಿದಳು, ಇನೆಸ್ ಬಾಯಿಗೆ ಮೀನು ಇಟ್ಟಳು, ನುಂಗಿದಳು, ಇನೆಸ್ ಅಳುತ್ತಿದ್ದಳು, ಆಫೀಸಿನಲ್ಲಿ ಕೇಕು ತಂದರು. ಸುಮ್ಮನೆ ಹಾಕಿ ಬಿಟ್ಟರೆ ಆಗದು, ಒಮ್ಮೆ ಯಂತ್ರಕ್ಕೆ ಬಿಟ್ಟು ನೋಡಿದೆವು, ಅವಳು ಕರೆಯದಿದ್ದಾಗಲೂ ಅದು ಕೂಗುತ್ತಿತ್ತು, ಲೂಲಾಗೆ ಗೊತ್ತಾಗಿಹೋಯಿತು, ಮುಖ ತಿರುಗಿಸಿದಳು, ಕರೆದ ಕೂಡಲೇ, ಒಂದು ಉಸಿರಿನೊಳಗೆ, ಓ ಎನ್ನಬೇಕು, ಅದಕ್ಕೆ ಕೇಳುವ ಕಿವಿ ಬೇಕು, ಹಾಗಾಗಿ ನಾನು, ಊಟದ ಹೊತ್ತಿಗೆಲ್ಲ ನಾನು, ಅಡುಗೆ ಕಟ್ಟೆಯ ಮುಂದೆ ಒಗ್ಗರಣೆ ಹಾಕುತ್ತ, ಬಚ್ಚಲಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು, ಸೂಪರ್‌ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಆರಿಸುತ್ತ, ಕಿವಿಯಲ್ಲಿ ಆ ಏರು ಸಿಳ್ಳೆ ಬಂದರೆ ಹೆಬ್ಬೆರಳು ತಾನೇ ಒತ್ತುತ್ತದೆ, ನಿನಗೀಗ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಸ್ವಲ್ಪ ದಪ್ಪ, ಅಂತಾನೆ ಮಯೂರ್. ಆಮೇಲೆ ಗೊತ್ತಾಯಿತು ಅವಳು ಸುತ್ತುವುದನ್ನೇ ಬಿಟ್ಟಿದ್ದಾಳೆಂದು, ಊಟದ ಹೊತ್ತಲ್ಲದಾಗಲೂ ಅಲ್ಲೇ, ಮೂಲೆಯಲ್ಲಿ, ಸ್ಪೀಕರಿನ ಎದುರು, ಚೆಂಡು ಎಸೆದರೂ ತಿರುಗುವುದಿಲ್ಲ, ಬಿಸಿಲಿಗೆ ಬೆನ್ನಿನ ಚರ್ಮ ಸುಲಿದು ಇನೆಸ್ ಮುಲಾಮು ಹಚ್ಚುತ್ತಾಳೆ, ನೋಡಲು ಬಂದ ಅಧಿಕಾರಿಗಳು ಎಷ್ಟು ಶಾಂತವಾಗಿದೆ ಎಂದರಂತೆ, ಸಾಗಿಸಲು ಯೋಗ್ಯ ಎಂದರಂತೆ. ನಿಲ್ಲಿಸೋಣ ಡೆಕ್ಲನ್, ಎಂದೆ, ನಿಲ್ಲಿಸಿದರೆ ತಿನ್ನುತ್ತಾಳಾ, ಎಂದ, ಇಲ್ಲ, ಹಾಗಾದರೆ, ಎಂದ. ಕಡಲಿನ ಒಂದು ಕೊಲ್ಲಿಗೆ ಬಲೆ ಕಟ್ಟಿ ಇಂಥವರಿಗೊಂದು ಆಶ್ರಯ ಮಾಡುತ್ತೇವೆ ಎಂದವರಿದ್ದಾರೆ, ಒಳ್ಳೆಯ ಜನ, ಇನ್ನೂ ಪರವಾನಗಿ ಬಂದಿಲ್ಲ, ಮುಂದಿನ ಬೇಸಿಗೆ ಅಂತಾರೆ, ಹೋದ ಬೇಸಿಗೆಯೂ ಮುಂದಿನ ಬೇಸಿಗೆ ಅಂದಿದ್ದರು, ಪಾರ್ಕಿನ ಜಾಗ ಮಾರಾಟವಾಗಿದೆ, ಅಲ್ಲಿ ಹೋಟೆಲ್ ಬರುತ್ತದೆ, ಕೊಳದ ಪಂಪಿಗೆ ಕರೆಂಟು ಕೊಡುವವರು ಯಾರು, ಅತ್ತ ದರಿ ಇತ್ತ ಪುಲಿ, ನಡುವೆ ನಾನು, ಹೆಬ್ಬೆರಳು.

ಕಡಲು ಬಂತು. ಯಾವಾಗಲೂ ಹೀಗೇ, ಮನೆಗಳ ಹಿತ್ತಲು, ಒಣಹಾಕಿದ ಬಟ್ಟೆ, ಗೋಡೆ, ಒಮ್ಮೆಲೇ ಎಡಕ್ಕೆ ಏನೂ ಇಲ್ಲ, ನೀರು ಇಳಿದಿದೆ, ಬೂಟರ್ಸ್‌ಟೌನಿನ ಉದ್ದಕ್ಕೂ ಒದ್ದೆ ಮರಳು, ಸಂಜೆಯ ಬೆಳಕು, ದೂರದಲ್ಲಿ ನಾಯಿ ಓಡಿಸುವವರು ಕಡ್ಡಿಗಳ ಹಾಗೆ, ಆಚೆ ನೀರಿನ ಗೆರೆ, ಈ ಕೊಲ್ಲಿಗೂ ಡಾಲ್ಫಿನ್‌ಗಳು ಬರುತ್ತವೆ, ಒಂದು ಭಾನುವಾರ ಡನ್ ಲಿಯರಿಯಲ್ಲಿ ಕಡಲೊಳಕ್ಕೆ ಚಾಚಿದ ಕಟ್ಟೆಯ ಮೇಲೆ ಐಸ್‌ಕ್ರೀಮ್ ತಿನ್ನುತ್ತಿದ್ದಾಗ ಜನರೆಲ್ಲ ಒಂದು ಕಡೆ ಓಡಿದರು, ಮಯೂರ್ ಅದಿತಿಯನ್ನು ಹೆಗಲಿಗೆ ಏರಿಸಿದ, ಬೆನ್ನುಗಳು ಕಂಡವು, ಕಂಡವು ಎನ್ನುವಷ್ಟರಲ್ಲಿ ಇಲ್ಲ, ವೇರ್ ಆರ್ ದೇ ಗೋಯಿಂಗ್, ಎಂದಳು ಅದಿತಿ, ಅವರಿಷ್ಟ ಪುಟ್ಟಿ, ಎಂದ ಮಯೂರ್ — ಪಂಪಿನ ಸದ್ದು ಬದಲಾಯಿತು, ಯಾಕೆ, ಹೌದು, ಸ್ಪೀಕರ್ ತೆಗೆದರು, ತೆರೆಯಲ್ಲಿ ಮೂಲೆ ಖಾಲಿ, ಲೂಲಾ ಮೂತಿಯಿಂದ ಗೋಡೆಯನ್ನು ತಡಕುತ್ತಿದ್ದಾಳೆ, ಇದ್ದಲ್ಲಿ ಇಲ್ಲ, ಅತ್ತ ಹೋದಳು, ಇತ್ತ ಬಂದಳು, ಇನೆಸ್ ಮೆಸೇಜು, ಸಿಂಧು, ನಾನು ಗೇಟಿನ ಹತ್ತಿರ ಇದ್ದೀನಿ, ಸ್ಪೀಕರ್ ಆ ಕಡೆ ಇಳಿಸಿ ಆಯ್ತು, ರೆಡಿ. ಕರೆದಳು. ಏರಿ, ಏರಿ, ಕುಪ್ಪಳಿಸಿ. ಹೆಬ್ಬೆರಳು ಹೊರಟಿತು, ಹಿಡಿದೆ, ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡೆ, ಒತ್ತುವುದಿಲ್ಲ, ಸಿಗ್ನಲ್ ಹೋಯಿತು ಅಂತೀನಿ, ರೈಲು ಅಂತೀನಿ, ಮಗು ಅಂತೀನಿ, ಮತ್ತೆ ಕರೆದಳು, ಈ ಸಲ ಅಮ್ಮನ ಹೆಸರು, ಇಳಿದು ಇಳಿದು ಎದ್ದು, ಆಮೇಲೆ ಆ ಜಾಗ, ನನಗೆಂದು ಬಿಟ್ಟ ಜಾಗ, ಪಂಪಿನ ಗುಂಯ್, ಎದುರಿನ ಅಜ್ಜಿ ನಾಯಿಯ ತಲೆ ಸವರುತ್ತಿದ್ದಾರೆ, ಬ್ಲ್ಯಾಕ್‌ರಾಕ್ ಎಂದು ರೈಲಿನ ಅನೌನ್ಸ್‌ಮೆಂಟು ಮೊದಲು ಐರಿಶಿನಲ್ಲಿ ಆಮೇಲೆ ಇಂಗ್ಲಿಷಿನಲ್ಲಿ, ಲೂಲಾ ಸುತ್ತತೊಡಗಿದಳು, ಗೋಡೆಯ ಗುಂಟ, ಜೋರಾಗಿ, ನಿಲ್ಲದೆ ಸಿಳ್ಳೆ, ಒಂದರ ಮೇಲೊಂದು, ಈಗ ಜಾಗವೇ ಬಿಡುತ್ತಿಲ್ಲ, ಇನೆಸ್ ಮೆಸೇಜು, ಸಿಂಧು ಎಲ್ಲಿ, ಇನೆಸ್ ಮೆಸೇಜು, ಬಲೆಯವರು ಮುಳುಗುವ ಸೂಟು ಹಾಕಿ ನಿಂತಿದ್ದಾರೆ, ನೀನು ಹಾಕಲ್ಲ ಅಂದ್ರೆ ಇಳಿಯೋಕೆ ಹೇಳಿದ್ದಾರೆ, ತೆರೆಯ ಅಂಚಿನಲ್ಲಿ ಕಂಡರು, ಕಪ್ಪು ರಬ್ಬರಿನ ಕಾಲುಗಳು, ಕಾಲುಗಳ ನಡುವೆ ಸುರುಳಿ ಸುತ್ತಿದ ಹಳದಿ ಬಲೆ, ಅದೇ ಬಲೆಯೇ, ಲೂಲಾ ಅದನ್ನು ನೋಡಿದಳೋ ಏನೋ, ದೊಡ್ಡ ಕೊಳದ ತಳಕ್ಕೆ ಇಳಿದು ಗೋಡೆಗೆ ಅಂಟಿಕೊಂಡಳು, ಅಲ್ಲಿಂದ ಕರೆದಳು, ಸಣ್ಣಗೆ, ಆ ಕೊನೆಯ ಕುಪ್ಪಳಿಕೆ ಇಲ್ಲದೆ, ಅರ್ಧಕ್ಕೇ ಬಿಟ್ಟ ಹಾಗೆ, ಪ್ಲೀಸ್, ಎಂದಿದ್ದಾಳೆ ಇನೆಸ್, ಪ್ಲೀಸ್ ಸಿಂಧು, ಅವಳೂ ಹಾಗೇ ಹೋದ್ರೆ ನಾನು ನೋಡಲಾರೆ.

ಒತ್ತಿದೆ. ಇಳಿದು, ಇಳಿದು, ಎದ್ದು ನಿಂತಿತು ಮಾರೀನಾಳ ದನಿ, ಆ ಕಡೆಯಿಂದ, ಇಕ್ಕಟ್ಟಿನ ಕೊಳದಿಂದ. ಲೂಲಾ ಗೋಡೆ ಬಿಟ್ಟಳು. ಗೇಟಿನ ಹತ್ತಿರ ಬಂದು ನಿಂತಳು, ಅವಳಿಗೆ ಗೇಟು ಎಂದರೆ ಭಯ, ಸಂದಿಯಿಂದ ಆವತ್ತು ನೋಡಿದವಳು, ಹಗ್ಗ ಅಲುಗಿದರೂ ಹಿಂದೆ ಚಿಮ್ಮುವವಳು, ಹೋಗಬೇಡ ಕಣೇ, ಎಂದು ನಾನು ಅಂದುಕೊಂಡದ್ದು ಹೌದು, ಒಳಗೆ ಎಲ್ಲೋ ಕೂಗಿದ್ದೂ ಹೌದು, ಆದರೆ ನನ್ನ ಹತ್ತಿರ ಇರುವುದು ಒಂದೇ ಗುಂಡಿ, ಅದರಲ್ಲಿ ಇರುವುದು ಒಂದೇ ಮಾತು, ಬಾ ಎನ್ನುವುದಕ್ಕೂ ಅದೇ, ಬರಬೇಡ ಎನ್ನುವುದಕ್ಕೂ ಅದೇ, ಕರೆದಳು, ಒತ್ತಿದೆ, ಕರೆದಳು, ಒತ್ತಿದೆ, ಪ್ರತಿ ಸಲವೂ ಸರಿಯಾದ ಹೊತ್ತಿಗೆ, ಕಲಿತ ಕೆಲಸ ಕೈ ಬಿಡುವುದಿಲ್ಲ, ಹೋದಳು. ನೆಟ್ಟಗೆ ಹೋಗಿ ಸ್ಪೀಕರಿಗೆ ಮೂತಿ ಒತ್ತಿದಳು. ಹಿಂದೆ ಗೇಟು ಬಿತ್ತು, ಹೆಡ್‌ಫೋನಿನಲ್ಲಿ ಕಬ್ಬಿಣದ ಸದ್ದು ನನ್ನ ಹಲ್ಲಿನವರೆಗೂ ಬಂತು, ಅವಳು ತಿರುಗಿ ನೋಡಲಿಲ್ಲ. ಹಗ್ಗಕ್ಕೆ ಹೆದರುವವಳು, ತಿರುಗಿ ನೋಡಲಿಲ್ಲ. ಯು ಆಲ್‌ರೈಟ್, ಪೆಟ್, ಎಂದು ಎದುರಿನ ಅಜ್ಜಿ ನನ್ನ ಮೊಣಕಾಲು ಮುಟ್ಟಿ ಕೇಳಿದರು, ಇಲ್ಲಿ ಪೆಟ್ ಎಂದರೆ ಪುಟ್ಟಿ ಎಂದ ಹಾಗೆ, ಗ್ರ್ಯಾಂಡ್, ಎಂದೆ, ಐ ಆಮ್ ಗ್ರ್ಯಾಂಡ್, ಚೀಲದಿಂದ ಟಿಶ್ಯೂ ತೆಗೆದು ಕೊಟ್ಟರು, ಆಗ ಗೊತ್ತಾಯಿತು ಕೆನ್ನೆ ಒದ್ದೆಯಾಗಿದೆಯೆಂದು.

ಸೀಪಾಯಿಂಟ್, ನೀರು ಇಲ್ಲಿ ಹಳಿಯ ಹತ್ತಿರವೇ, ಅಲೆ ಇಲ್ಲ, ಸುಮ್ಮನೆ ಏರಿ ಇಳಿಯುವುದು, ಫೋನು ಮುಚ್ಚಬಹುದಿತ್ತು, ಮುಚ್ಚಲಿಲ್ಲ, ಕೊಳದ ನೀರು ಇಳಿಸಿದರು, ಬೆನ್ನು ಕಂಡಿತು, ಸುಲಿದ ಚರ್ಮ ಕಂಡಿತು, ಜೋಳಿಗೆ ಹಾಕುವಾಗಲೂ ಒದ್ದಾಡಲಿಲ್ಲ, ಸ್ಪೀಕರನ್ನು ಅವಳ ಜೊತೆಯಲ್ಲೇ ಎತ್ತಿದರು, ಯಾರೋ ಜಾಣ ಹೇಳಿರಬೇಕು, ತಲೆಯ ಹತ್ತಿರ ಹಿಡಿದುಕೊಳ್ಳಿ ಎಂದು, ಇನೆಸ್ ಎರಡೂ ಕೈಯಲ್ಲಿ ಹಿಡಿದು ಜೋಳಿಗೆಯ ಪಕ್ಕ ನಡೆಯುತ್ತಿದ್ದಾಳೆ, ಗಾಳಿಯಲ್ಲಿ ಆ ಸ್ಪೀಕರ್ ಬರೀ ಒಂದು ಡಬ್ಬ, ನಾನು ಒತ್ತಿದರೂ ಅವಳಿಗೆ ಸರಿಯಾಗಿ ಕೇಳುವುದಿಲ್ಲ, ಅವಳು ಕರೆದರೂ ನನಗೆ ಕೇಳುವುದಿಲ್ಲ, ನನ್ನ ಮೈಕು ನೀರಿನಲ್ಲಿ ಉಳಿದಿದೆ, ಅವಳಿಲ್ಲದ ದೊಡ್ಡ ಕೊಳದಲ್ಲಿ, ಪಂಪನ್ನು ಕೇಳುತ್ತ, ಆದರೂ ತೆರೆಯಲ್ಲಿ ಕಾಣುತ್ತದೆ, ತಲೆಯ ಮೇಲಿನ ಉಸಿರಿನ ತೂತು ತೆರೆಯುತ್ತದೆ, ಅಲುಗುತ್ತದೆ, ಮುಚ್ಚುತ್ತದೆ, ಸ್ವಲ್ಪ ಹೊತ್ತು ಸುಮ್ಮನಿರುತ್ತದೆ, ಜಾಗ ಬಿಡುತ್ತಿದ್ದಾಳೆ, ಮತ್ತೆ ತೆರೆಯುತ್ತದೆ. ಡೆಕ್ಲನ್ ಮೆಸೇಜು, ಅದ್ಭುತ ಕೆಲಸ, ಮಾಲ್‌ನವರು ಆ ಸಿಳ್ಳೆಯೂ ಬೇಕು ಅಂತಿದ್ದಾರೆ, ಅಲ್ಲಿ ಊಟಕ್ಕೆ ಬೇಕಲ್ಲ, ಸೋಮವಾರದಿಂದ ನೀನೇ ಮುಂದುವರಿಸ್ತೀಯಾ. ಸೋಮವಾರದಿಂದ. ಮಾಲ್‌ನ ಕೊಳದ ಪಕ್ಕ, ಚಪ್ಪಾಳೆಯ ನಡುವೆ, ಮೂಲೆಗೆ ಮುಖ ಹಾಕಿ ನಿಂತ ಡಾಲ್ಫಿನ್‌ನಿಂದ ಅವರಿಗೇನು ಲಾಭ, ತಿರುಗಿಸುತ್ತಾರೆ, ಸ್ಪೀಕರನ್ನು ಜನರ ಕಡೆ ಇಡುತ್ತಾರೆ, ಬಳೆಯ ಆಚೆ ಇಡುತ್ತಾರೆ, ಮೇಲೆ ನೇತುಹಾಕುತ್ತಾರೆ, ಅವಳು ಹಾರುತ್ತಾಳೆ, ಅಮ್ಮ ಮೇಲಿದ್ದಾಳೆಂದು. ನಾನು ಒಪ್ಪದಿದ್ದರೆ ಅವಳು ತಿನ್ನುವುದಿಲ್ಲ, ಒಪ್ಪಿದರೆ ಹಾರುತ್ತಾಳೆ.

ಡನ್ ಲಿಯರಿ, ಇಳಿದೆ, ಮೆಟ್ಟಿಲು, ಬಂದರಿನ ಗಾಳಿ, ಹುರಿದ ಮೀನಿನ ವಾಸನೆ, ಕಟ್ಟೆಯ ಮೇಲೆ ಜೋಡಿಗಳು, ಓಡುವವರು, ಎಲ್ಲರೂ ಕೊನೆಯವರೆಗೆ ಹೋಗಿ ತಿರುಗಿ ಬರುವವರು, ರಸ್ತೆ ದಾಟಿದೆ, ಹೆಡ್‌ಫೋನ್ ಕುತ್ತಿಗೆಗೆ ಇಳಿಸಿದೆ, ಗುಂಯ್, ಫೋನನ್ನು ಕೋಟಿನ ಜೇಬಿಗೆ ಹಾಕಿ ಕೈಯನ್ನು ಅದರ ಜೊತೆಗೇ ಬಿಟ್ಟೆ, ಕ್ರೆಶ್‌ನ ಗೇಟಿಗೆ ಮಕ್ಕಳ ಕೈಗೆಟುಕದ ಎತ್ತರದ ಚಿಲಕ, ದಿನಾ ತೆಗೆಯುತ್ತೇನೆ, ಇವತ್ತು ಬೆರಳು ಆಡಲಿಲ್ಲ, ಒಳಗಿನ ಹುಡುಗಿ ಬಂದು ತೆಗೆದಳು, ಲೇಟಾಯ್ತು ಸಾರಿ, ಎಂದೆ, ಏನಿಲ್ಲ, ಗ್ರ್ಯಾಂಡ್, ಎಂದಳು, ಊಟ ಮಾಡಿಲ್ಲ ಇವಳು, ಅಮ್ಮ ಬೇಕು ಅಂತಿದ್ದಳು. ಗಾಜಿನ ಬಾಗಿಲಿನಾಚೆ ಅದಿತಿ, ಕೋಟು ಹಾಕಿಸಿ ಕೂರಿಸಿದ್ದಾರೆ, ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದಾಳೆ, ಮೂಗು ಚಪ್ಪಟೆ, ಕೆಳಗೆ ಬಾಯಿಯ ಹಬೆ, ನನ್ನನ್ನು ಕಂಡಳು, ಅಮ್ಮಾ, ಎಂದಳು, ಗಾಜಿನಾಚೆಯಿಂದ ಸಣ್ಣಗೆ, ಆಮೇಲೆ ಸುಮ್ಮನಾದಳು, ಓ ಎನ್ನಬೇಕು, ಓ ಬಂಗಾರಿ ಎನ್ನಬೇಕು, ಬಾಯಿ ಇದೆ, ದನಿ ಇದೆ, ಬರಲಿಲ್ಲ, ಜೇಬಿನೊಳಗೆ ಹೆಬ್ಬೆರಳು ಒತ್ತಿತು. ಅಮ್ಮಾ. ಒತ್ತಿತು. ಬಾಗಿಲು ತೆರೆದು ಬಂದು ಹೊಟ್ಟೆಗೆ ಮುಖ ಒತ್ತಿಕೊಂಡಳು, ಕೋಟಿಗೆ, ಜೇಬಿಗೆ, ಜೇಬಿನ ಫೋನಿಗೆ, ಹಿಂದೆ ಗೇಟು ಬಿತ್ತು, ಸುಮ್ಮನೆ ಗಾಳಿಗೆ ಬಿದ್ದ ಗೇಟು, ನಾನು ಬೆಚ್ಚಿದೆ, ಅವಳು ತಿರುಗಿ ನೋಡಲಿಲ್ಲ, ಮೂತಿ ಒತ್ತಿ ನಿಂತಿದ್ದಾಳೆ, ಹಿಂದೆ ಗೇಟು ಬಿತ್ತು, ತಿರುಗಿ ನೋಡಲಿಲ್ಲ, ಸ್ಪೀಕರಿಗೆ ಮೂತಿ ಒತ್ತಿ, ತಿರುಗಿ —